ಬಾಲದ ತೂಕ

ಹರ್ಬರ್ಟ್ ನೋಸ್ಕೆ ತೀರಿಕೊಂಡ ಸುದ್ದಿ ವಿಮಾನ ಕಾರ್ಖಾನೆಗೆ ತಿಳಿದದ್ದು ಬೆಳಗಿನ ಚಹಾದ ಹೊತ್ತಿಗೆ. ತಂದವಳು ಚಹಾದ ಗಾಡಿ ತಳ್ಳುವ ಶರ್ಲ್.

"ನಿಮ್ಮ ದೊಡ್ಡ ಎಂಜಿನಿಯರು ನಿದ್ದೇಲೇ ಹೋಗ್ಬಿಟ್ರಂತೆ ಕಣ್ರಪ್ಪಾ. ಒಳ್ಳೇ ಮನುಷ್ಯ. ಕುಡಿದ ಲೋಟ ತಾನೇ ತೊಳೆದು ಕೊಡ್ತಿದ್ರು," ಎಂದು ಹೇಳಿ ಆಕೆ ಏಪ್ರನ್ನಿನ ತುದಿಯಿಂದ ಕಣ್ಣೊರಸಿಕೊಂಡಳು.

ನಕ್ಷೆ ವಿಭಾಗದ ಎಂಜಿನಿಯರುಗಳೆಲ್ಲ ತಲೆ ತಗ್ಗಿಸಿ ನಿಂತರು. ಚಹಾದಲ್ಲಿ ಅದ್ದಿದ ಬಿಸ್ಕತ್ತು ಮೆತ್ತಗಾಗಿ ಮುರಿದು ಬೀಳುವಷ್ಟು ಹೊತ್ತು ನಿಂತರು. ಆಮೇಲೆ, ಅಂಗಳದ ಪೆಪ್ಪರ್ ಮರದ ಕೆಳಗೆ ನೋಸ್ಕೆ ಕಾರು ನಿಲ್ಲಿಸುತ್ತಿದ್ದ ಜಾಗ ಇನ್ನು ಯಾರಿಗೆ ಎಂಬ ಮಾತು ಶುರುವಾಯಿತು. ಅಡಿಲೇಡಿನ ಉತ್ತರಕ್ಕಿರುವ ಆ ಬೋಳು ಬಯಲಲ್ಲಿ ನೆರಳೆಂಬುದು ಅಲ್ಲಿ ಮಾತ್ರ ಇತ್ತು.

ನೋಸ್ಕೆ ತನ್ನ ಆಯುಷ್ಯವನ್ನೆಲ್ಲ ವಾಯುಪಡೆಗೆ ವಿಮಾನ ಕಟ್ಟುವುದರಲ್ಲೇ ಕಳೆದವನು. ಅವನ ಮೊದಲ ಫೈಟರ್ ವಿಮಾನದ ಮರದ ಮಾದರಿ ಸಿದ್ಧವಾಗುವ ವೇಳೆಗೆ ಸರ್ಕಾರ ಬದಲಾಯಿತು. ಮಾದರಿ ಯಾರದೋ ಹಿತ್ತಿಲಲ್ಲಿ ಕೋಳಿಗೂಡಾಯಿತು. ಎರಡನೆಯದು ಕಾಗದದ ಮೇಲೆ ಶಬ್ದಕ್ಕಿಂತ ವೇಗವಾಗಿ ಹಾರಿತು. ಕಾಗದ ಬಿಟ್ಟು ಇಳಿಯಲಿಲ್ಲ. ಮೂರನೆಯದು ಫಿರಂಗಿಯವರು ಹೊಡೆದು ಉರುಳಿಸಿ ಅಭ್ಯಾಸ ಮಾಡಲೆಂದು ಕಟ್ಟಿದ ಗುರಿವಿಮಾನ. ಫಿರಂಗಿಯವರು ಕಿವಿಗೆ ಹತ್ತಿ ತುರುಕಿಕೊಳ್ಳುವಷ್ಟರಲ್ಲಿ ಅದು ತಾನೇ ಬಿದ್ದಿತು. ಒಂದೊಂದು ವಿಮಾನ ರದ್ದಾದಾಗಲೂ ನೋಸ್ಕೆಗೆ ಒಂದೊಂದು ಬಡ್ತಿ ಬಂತು. ಆ ಉದ್ಯೋಗದ ಸೊಗಸೇ ಅದು. ಹಾರಿದರೆ ಯಾರಾದರೂ ಬೀಳಬಹುದು, ಬಿದ್ದರೆ ವಿಚಾರಣೆಯಾಗಬಹುದು. ಹಾರದ ವಿಮಾನ ಕಟ್ಟಿದವನ ಮೇಲೆ ಬೆರಳು ತೋರಿಸುವವರು ಯಾರು?

ನಾಲ್ಕನೆಯದು ಬ್ರೋಲ್ಗಾ. ಕುಣಿಯುವ ಕೊಕ್ಕರೆಯ ಹೆಸರು. ಎಳೆಯ ಪೈಲಟುಗಳಿಗೆ ಹಾರಾಟ ಕಲಿಸಲು ಬೇಕಾದ ಸಣ್ಣ ವಿಮಾನ. ಅದನ್ನು ಕಟ್ಟಲು ಹತ್ತೊಂಬತ್ತು ವರ್ಷ ಹಿಡಿಯಿತು. ಒಬ್ಬ ಏರ್ ಮಾರ್ಷಲ್ ಬಂದು, ಗುರು ಶಿಷ್ಯರು ಪಕ್ಕಪಕ್ಕ ಕೂರಬೇಕೆಂದ. ಅವನು ನಿವೃತ್ತನಾದ ಮೇಲೆ ಬಂದವನು ಒಬ್ಬರ ಹಿಂದೊಬ್ಬರು ಕೂರಬೇಕೆಂದ. ಅವನ ನಂತರದವನು ಮತ್ತೆ ಪಕ್ಕಪಕ್ಕವೇ ಮೇಲೆಂದ. ಅಷ್ಟರಲ್ಲಿ ಬ್ರೋಲ್ಗಾದಲ್ಲಿ ಕಲಿಯಬೇಕಾಗಿದ್ದ ಹುಡುಗರು ಬೇರೆಲ್ಲೋ ಕಲಿತು, ಹಾರಿ, ದಣಿದು, ಪಿಂಚಣಿ ಪಡೆದು ದ್ರಾಕ್ಷಿ ತೋಟ ಮಾಡಿಕೊಂಡಿದ್ದರು.

ಡೆಸ್ಮಂಡ್ ರಾಡಾ ಈ ನೋಸ್ಕೆಯ ಕೈಕೆಳಗಿನ ಹಿರಿಯ ಎಂಜಿನಿಯರು. ಅವನ ವಿಭಾಗ ತೂಕ. ಯಾವ ಭಾಗ ಎಷ್ಟು ಭಾರವಿರಬೇಕೆಂದು ಹೇಳುವುದು, ಹೆಚ್ಚಿದ್ದರೆ ಕಳೆಯುವುದು, ಇಷ್ಟೇ ಅವನ ವೃತ್ತಿಜೀವನ. ತಿರುಪುಗಳ ತಲೆ ಕೆರೆಸಿದ. ಬಣ್ಣದ ಒಂದು ಪದರ ತೆಗೆಸಿದ. ಬಾಲದ ತಗಡಿಗೆ ದೋಸೆಯಂತೆ ತೂತು ಬೀಳಿಸಿದ. ಪರೀಕ್ಷಾ ಪೈಲಟ್ ಬ್ಲೂಯಿ ಎರಡನೆಯ ಮಾಂಸದ ಪೈ ತಿನ್ನಲು ಕೈ ಹಾಕಿದರೆ, ಊಟದ ಮನೆಯ ಇನ್ನೊಂದು ತುದಿಯಿಂದ ಡೆಸ್ ಕೆಮ್ಮುತ್ತಿದ್ದ. ಹೀಗೆ ವರ್ಷಗಟ್ಟಲೆ ಹಿಂಭಾಗದಿಂದ ಕಳೆದು ಕಳೆದು, ಕೊನೆಗೆ ವಿಮಾನ ಮೂಗಿನ ಮೇಲೆ ಮುಗ್ಗರಿಸುವಂತಾಯಿತು. ಆಗ ಸಮಿತಿ ಕೂತು, ಬಾಲದೊಳಗೆ ಸೀಸದ ಚೀಲಗಳನ್ನು ಇಡತಕ್ಕದ್ದೆಂದು ತೀರ್ಮಾನಿಸಿತು. ಡೆಸ್ ಅಷ್ಟು ವರ್ಷ ಕಳೆದ ತೂಕವೆಲ್ಲ ಒಂದು ಮಧ್ಯಾಹ್ನದಲ್ಲಿ ಸೀಸವಾಗಿ ಮರಳಿ ಬಂದು ಕೂತಿತು. ತೂಕ ಇಳಿಸಿದ್ದಕ್ಕಾಗಿ ಅವನಿಗೆ ಕಂಚಿನ ಫಲಕವೊಂದನ್ನು ಕೊಟ್ಟರು. ಅದನ್ನು ಇಬ್ಬರು ಎತ್ತಬೇಕಾಗಿತ್ತು.

ಡೆಸ್‌ಗೆ ತೊಂದರೆ ಬಂದದ್ದು ಒಂದು ತುಂಡು ಕೇಕಿನಿಂದ.

ಶವಸಂಸ್ಕಾರದ ಪ್ರಾರ್ಥನೆ ಮುಗಿದ ಮೇಲೆ ಲೂಥರನ್ ಚರ್ಚಿನ ಹಿಂದಿನ ಕೊಠಡಿಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ನೋಸ್ಕೆಯ ಹೆಂಡತಿ ಎಲ್ವೀರಾ ಡೆಸ್‌ನನ್ನು ಅಡುಗೆಮನೆಗೆ ಕರೆದಳು. ಎತ್ತರದ ಹೆಂಗಸು, ಅತ್ತರೂ ಬೆನ್ನು ಬಗ್ಗಿಸದವಳು.

"ನೋಡು ಡೆಸ್, ಹರ್ಬ್‌ಗೆ ಒಂದೇ ಆಸೆ ಇತ್ತು. ತಾನು ಕಟ್ಟಿದ ವಿಮಾನದಲ್ಲಿ ಒಂದು ಸಲ ಮೇಲೆ ಹೋಗಿ ಬರ್ಬೇಕು ಅಂತ. ಬದುಕಿದ್ದಾಗ ಆಗ್ಲಿಲ್ಲ. ಬ್ರೋಲ್ಗಾ ಮೊದಲನೇ ಸಲ ಹಾರೋ ದಿನ ಅವರನ್ನ ನೀನು ಹತ್ತಿಸ್ಬೇಕು. ಬೂದಿ ತಂದುಕೊಡ್ತೀನಿ. ಆಗುತ್ತೆ ತಾನೇ?"

ಆಗುವುದಿಲ್ಲ ಎನ್ನಲು ಡೆಸ್ ಬಾಯಿ ತೆರೆಯಬೇಕಾಗಿತ್ತು. ಬಾಯಿಯ ತುಂಬ ಅವಳೇ ಮಾಡಿದ ಸ್ಟ್ರಾಯ್ಸೆಲ್ ಕೇಕು. ನುಂಗಲೆಂದು ತಲೆಯನ್ನು ಮುಂದಕ್ಕೆ ಬಾಗಿಸಿದ. ಎಲ್ವೀರಾ ಅವನ ಎರಡೂ ಕೈ ಹಿಡಿದುಕೊಂಡಳು.

"ದೇವರು ನಿನಗೆ ಒಳ್ಳೇದು ಮಾಡ್ಲಿ. ಮಾತು ಕೊಟ್ಟೆ, ಮರೀಬೇಡ."

ಮೊದಲ ಹಾರಾಟ ಆ ಕಡೆಯ ಕಡುಬೇಸಿಗೆಯಾದ ಫೆಬ್ರವರಿಗೆ ನಿಗದಿಯಾಯಿತು. ಆ ದಿನ ಮರುಭೂಮಿಯಿಂದ ಬೀಸುವ ಉತ್ತರದ ಗಾಳಿ ಬೆಳಗಾಗುತ್ತಲೇ ಒಲೆಯ ಬಾಗಿಲು ತೆರೆದಂತೆ ಎದ್ದಿತ್ತು. ಮಂತ್ರಿ ಬರುವವರಿದ್ದರು. ಅವರ ಜೊತೆಗೆ ಏರ್ ಮಾರ್ಷಲ್ ಬ್ರೇ. ಹೊಸ ಮುಖ್ಯ ಎಂಜಿನಿಯರನ ಹೆಸರನ್ನು ಅಂದೇ ಹೇಳುವರೆಂಬ ಗಾಳಿಮಾತೂ ಇತ್ತು. ಡೆಸ್ ತನ್ನ ಒಂದೇ ಒಳ್ಳೆಯ ಸೂಟು ಹಾಕಿಕೊಂಡು ಬಂದು ಗೇಟಿನ ಹತ್ತಿರ ನೋಡುತ್ತಾನೆ, ಎಲ್ವೀರಾ ನಿಂತಿದ್ದಾಳೆ. ಕೈಯಲ್ಲಿ ಹೆಣಿಗೆಯ ಚೀಲ. ಚೀಲದಲ್ಲಿ, ಸಬ್ಬಸಿಗೆ ಹಾಕಿ ಮಾಡುವ ಸೌತೆ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿ. ಜಾಡಿಯಲ್ಲಿ ಹರ್ಬರ್ಟ್ ನೋಸ್ಕೆ.

"ಸುಡುಗಾಡಿನವರು ಪ್ಲಾಸ್ಟಿಕ್ ಡಬ್ಬೀಲಿ ಕೊಟ್ಟಿದ್ರು," ಎಂದಳು ಎಲ್ವೀರಾ. "ನೋಡೋಕೆ ಚೆನ್ನಾಗಿರ್ಲಿಲ್ಲ. ಇದು ನಮ್ಮ ಮನೇದು. ಮೂರು ಸಲ ತೊಳೆದಿದ್ದೀನಿ."

"ಎಲ್ವೀರಾ, ಇವತ್ತು ಮಂತ್ರಿ ಬೇರೆ ಬರ್ತಾರೆ..."

"ಮಂತ್ರಿ ಮುಂದೆ ಹೋದ್ರೆ ಹರ್ಬ್‌ಗೆ ಇನ್ನೂ ಮರ್ಯಾದೆ. ತಗೋ. ಅಲ್ಲಾಡಿಸ್ಬೇಡ."

ಡೆಸ್ ಜಾಡಿಯನ್ನು ಕೋಟಿನೊಳಗೆ ಅಡಗಿಸಿಕೊಂಡು ತೂಕದ ಕೋಣೆಗೆ ಓಡಿದ. ಯೋಚನೆ ಸರಳವಾಗಿತ್ತು. ಬಾಲದಲ್ಲಿರುವ ಸೀಸದ ಚೀಲಗಳಲ್ಲಿ ಒಂದನ್ನು ತೆಗೆಯುವುದು. ಅಷ್ಟೇ ತೂಕದ ನೋಸ್ಕೆಯನ್ನು ಕ್ಯಾನ್ವಾಸ್ ಚೀಲದಲ್ಲಿ ಹೊಲಿದು ಅಲ್ಲಿ ಇಡುವುದು. ವಿಮಾನ ಮೇಲೆ ಹೋಗಿ ಬಂದ ಮೇಲೆ ಅದಲು ಬದಲು ಮಾಡಿ ಎಲ್ವೀರಾಗೆ ಒಪ್ಪಿಸುವುದು. ಬಾಗಿಲು ಹಾಕಿಕೊಂಡು, ಪ್ರಾರ್ಥನೆಯ ಎರಡು ಮಾತು ಗೊಣಗಿ, ಸುರಿದ, ತೂಗಿದ, ಹೊಲಿದ. ಕೆಲಸ ಚೊಕ್ಕವಾಗಿಯೇ ಆಯಿತು.

ಉಳಿದದ್ದು ಚೀಟಿ ಮಾತ್ರ. ಚೀಟಿಯಿಲ್ಲದ ಒಂದು ಗುಂಡುಸೂಜಿಯೂ ವಿಮಾನದೊಳಗೆ ಹೋಗುವಂತಿಲ್ಲ. ಡೆಸ್ ಒಂದು ಚೀಟಿ ಎಳೆದುಕೊಂಡು, "ಬಾಲದ ತೂಕ" ಎಂದು ಬರೆದ. ಅಲ್ಲಿಗೆ ನಿಲ್ಲಿಸಿದ್ದರೆ ಅವನ ದಿನ ಸುಖವಾಗಿ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ ಯಾವ ಭಾಗವೂ ಇದ್ದಂತೆ ಇದ್ದದ್ದಿಲ್ಲ. ಪ್ರತಿಯೊಂದನ್ನೂ ಬದಲಾಯಿಸಿ, ಚೀಟಿಯ ಕೊನೆಯಲ್ಲಿ ಒಂದು ಪದ ಸೇರಿಸುವುದು ಪದ್ಧತಿ. ಅಭ್ಯಾಸವಾದ ಕೈ ತನ್ನಷ್ಟಕ್ಕೆ ಮುಂದುವರಿದು, "ಸುಧಾರಿತ" ಎಂದು ಸೇರಿಸಿತು.

ಚೀಲ ಹೊತ್ತು, ವಿಮಾನ ನಿಂತಿದ್ದ ಹ್ಯಾಂಗರಿಗೆ ಹೋಗುವ ದಾರಿಯಲ್ಲಿ ಗ್ಲೆನ್ ಫಾರಂಟ್ ಎದುರಾದ. ವಿದ್ಯುತ್ ವಿಭಾಗದವನು. ಮುಖ್ಯ ಎಂಜಿನಿಯರನ ಕುರ್ಚಿಗೆ ಅವನೂ ಕಾದಿದ್ದ. ಪೆಪ್ಪರ್ ಮರದ ಕೆಳಗೆ ಆಗಲೇ ಕಾರು ನಿಲ್ಲಿಸಲು ಶುರುಮಾಡಿದ್ದ.

"ಏನಯ್ಯಾ ಅದು, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದೀಯ?" ಎಂದು ಕತ್ತು ಚಾಚಿ ಚೀಟಿ ಓದಿದ. "ಸುಧಾರಿತ? ಯಾವಾಗ ಸುಧಾರಿಸ್ದೆ? ಯಾರನ್ನ ಕೇಳಿ ಸುಧಾರಿಸ್ದೆ?"

"ಏನಿಲ್ಲ ಗ್ಲೆನ್. ಸೀಸದ ಬದಲು... ಬೇರೆ ಪುಡಿ."

"ಓಹೋ! ನನ್ನ ರೇಡಿಯೊಗೆ ಎರಡು ತಿರುಪು ಜಾಸ್ತಿ ಬೇಕು ಅಂದ್ರೆ ತಿಂಗಳುಗಟ್ಲೆ ಸತಾಯಿಸ್ತೀಯ. ನೀನು ಮಾತ್ರ ಹಾರಾಟದ ದಿನ ಕದ್ದು ಹೊಸ ಪುಡಿ ತುಂಬ್ತೀಯ? ಬಾ ಮಾರಾಯ, ಡೈರೆಕ್ಟರ ಹತ್ರಾನೇ ಹೋಗೋಣ."

ಡೈರೆಕ್ಟರ್ ಮ್ಯಾಲ್ಕಂ ಅಪ್ಟನ್ ವಿಮಾನಗಳನ್ನು ಕುರಿತು ಹೆಚ್ಚು ತಿಳಿದವನಲ್ಲ. ಮೊದಲು ರೈಲ್ವೆಯಲ್ಲಿದ್ದ, ಅದಕ್ಕೂ ಮೊದಲು ಹಾಲಿನ ಮಂಡಳಿಯಲ್ಲಿದ್ದ. ಎಲ್ಲಿದ್ದರೂ ಹೊಸದೊಂದನ್ನು ಮೇಲಿನವರಿಗೆ ತೋರಿಸಬೇಕೆಂಬುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ. ಫಾರಂಟ್ ದೂರು ಹೇಳಿ ಮುಗಿಸುವ ಮೊದಲೇ ಅವನು ಮೇಜಿನ ಹಿಂದಿನಿಂದ ಎದ್ದು ಬಂದು ಡೆಸ್‌ನ ಬೆನ್ನು ತಟ್ಟಿದ.

"ಭೇಷ್ ರಾಡಾ! ಮಂತ್ರಿಗಳಿಗೆ ತೋರಿಸೋಕೆ ಹೊಸದೇನೂ ಇಲ್ವಲ್ಲ ಅಂತ ನಾನು ಬೆಳಗಿಂದ ಒದ್ದಾಡ್ತಾ ಇದ್ದೆ. ನೀನು ಚೀಲದಲ್ಲಿ ಇಟ್ಕೊಂಡು ಸುಮ್ಮನಿದ್ದೀಯಲ್ಲಯ್ಯ!"

"ಸರ್, ಇದು ತೋರಿಸೋ ಅಂಥದ್ದಲ್ಲ..."

"ನಾಚ್ಕೋಬೇಡ. ನಾಚ್ಕೊಂಡೇ ನೀವೆಲ್ಲ ಹಿಂದುಳಿದಿರೋದು."

"ಪರೀಕ್ಷೆ ಆಗಿಲ್ಲ ಸರ್," ಎಂದ ಫಾರಂಟ್, ಹಾವು ಹೆಡೆಯೆತ್ತಿದ ಹಾಗೆ. "ಸುಧಾರಿತ ಭಾಗ ಅಂದ್ಮೇಲೆ ಎಲ್ಲ ಪರೀಕ್ಷೆ ಆಗ್ಲೇಬೇಕು. ಅಲುಗಾಟ, ಬೆಂಕಿ, ಬೀಳೋದು, ರಾಸಾಯನಿಕ. ಇಲ್ಲದೇ ಇದ್ರೆ ನಾನು ಸುಮ್ಮನಿರೋನಲ್ಲ."

"ಮಾಡಿ! ಈಗ್ಲೇ ಮಾಡಿ! ಮಂತ್ರಿಗಳು ಚಹಾ ಕುಡಿಯೋಷ್ಟರಲ್ಲಿ ಮುಗಿಸಿ!" ಎಂದ ಅಪ್ಟನ್.

ಹೀಗೆ ಹರ್ಬರ್ಟ್ ನೋಸ್ಕೆಯ ಪರೀಕ್ಷೆ ಆರಂಭವಾಯಿತು.

ಮೊದಲು ಅಲುಗಾಟದ ಮೇಜು. ವಿಮಾನದ ಭಾಗಗಳನ್ನು ಅದಕ್ಕೆ ಬಿಗಿದು, ಹಲ್ಲು ಉದುರುವಂತೆ ಅಲುಗಾಡಿಸುತ್ತಾರೆ. ಬ್ರೋಲ್ಗಾದ ಇಂಧನದ ಪಂಪು ಅದರ ಮೇಲೆ ಐದು ಸಲ ಒಡೆದಿತ್ತು. ಫಾರಂಟ್‌ನ ರೇಡಿಯೊ ಒಳಗಿದ್ದುದನ್ನೆಲ್ಲ ಹೊರಗೆ ಕಕ್ಕಿತ್ತು. ಚೀಲವನ್ನು ಬಿಗಿದು ಗುಂಡಿ ಒತ್ತಿದರು. ಮೇಜು ಗುಡುಗಿತು. ಡೆಸ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತ.

"ಯಾಕ್ರೀ ಟೋಪಿ ತೆಗೆದ್ರಿ?" ಎಂದ ಮೇಜಿನವನು.

"ಸೆಖೆ."

ಮೇಜು ನಿಂತಿತು. ಚೀಲದ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ಅಬ್ಬಾ! ಎಂಥಾ ಶಾಂತವಾಗಿ ಕೂತಿತ್ತು ನೋಡಿ," ಎಂದು ಮೇಜಿನವನು ಮೆಚ್ಚಿದ. "ನಮ್ಮಲ್ಲಿ ಯಾವ ಮಾಲೂ ಹೀಗೆ ಕೂತಿದ್ದೇ ಇಲ್ಲ."

ಆಮೇಲೆ ಬೆಂಕಿ. ಚೀಲದಿಂದ ಒಂದು ಚಮಚ ಪುಡಿ ತೆಗೆದು ತಟ್ಟೆಗೆ ಹಾಕಿ, ನೀಲಿ ಜ್ವಾಲೆಯ ದೀಪ ಹಿಡಿದರು. ಫಾರಂಟ್ ಆಸೆಯಿಂದ ಬಗ್ಗಿ ನೋಡಿದ. ಏನೂ ಆಗಲಿಲ್ಲ. ಜ್ವಾಲೆ ಹೆಚ್ಚಿಸಿದರು. ಆಗಲೂ ಏನೂ ಆಗಲಿಲ್ಲ.

"ಹೊಗೆ ಇಲ್ಲ, ವಾಸನೆ ಇಲ್ಲ. ಇದು ಉರಿಯೋದೇ ಇಲ್ಲ ಸರ್!" ಎಂದ ದೀಪದವನು.

"ಉರಿಯೋಕೆ ಇನ್ನೇನು ಉಳಿದಿದೆ," ಎಂದು ಡೆಸ್ ಗೊಣಗಿದ.

"ಏನಂದ್ರಿ?"

"ಚೆನ್ನಾಗಿ ತಡೆಯುತ್ತೆ ಅಂದೆ. ಆ ಚಮಚದ್ದನ್ನ ಚೆಲ್ಲಬೇಡಿ ಮಾರಾಯ್ರೆ, ವಾಪಸ್ ಹಾಕಿ. ಪೂರ್ತಿ ಹಾಕಿ. ತಟ್ಟೆ ಒರಸಿ ಹಾಕಿ."

ಗೋಪುರದ ಮೇಲಿಂದ ಬೀಳಿಸಿದರು. ಕಾಂಕ್ರೀಟಿನ ಮೇಲೆ ಚೀಲ 'ಧೊಪ್' ಎಂದಾಗ ಡೆಸ್ ಕಣ್ಣು ಮುಚ್ಚಿ, "ಕ್ಷಮಿಸಿ ಹರ್ಬ್," ಎಂದ. ಚೀಲ ಒಡೆಯಲಿಲ್ಲ. ಫಾರಂಟ್‌ನ ಮುಖ ಒಡೆಯುವಂತಾಗಿತ್ತು.

ಈ ನಡುವೆ ಅತಿಥಿಗಳ ಡೇರೆಯಲ್ಲಿ ಎಲ್ವೀರಾ ಒಂದು ಮಡಿಸುವ ಕುರ್ಚಿಯಲ್ಲಿ ನೆಟ್ಟಗೆ ಕೂತು ನೊಣ ಓಡಿಸುತ್ತಿದ್ದಳು. ಶರ್ಲ್ ಅವಳಿಗೆ ಚಹಾ ತಂದುಕೊಟ್ಟಳು. ಡೆಸ್ ಡೇರೆಯ ಮುಂದೆ ಓಡುವಾಗ ಎಲ್ವೀರಾ ಕರೆದಳು.

"ಡೆಸ್! ಹರ್ಬ್ ಹತ್ತಿದ್ರಾ?"

"ಇನ್ನೇನು... ಸ್ವಲ್ಪ ತಡ. ಸ್ವಲ್ಪ ಪರೀಕ್ಷೆ ಮಾಡ್ತಿದ್ದಾರೆ."

"ಪರೀಕ್ಷೇನಾ? ಅವರ ರಕ್ತದೊತ್ತಡ ಯಾವಾಗ್ಲೂ ಜಾಸ್ತೀನೇ."

"ಈಗ ಪರವಾಗಿಲ್ಲ," ಎಂದು ಡೆಸ್ ಓಡಿದ.

ಕೊನೆಯದು ರಸಾಯನ ಶಾಲೆ. ಚಿಟಿಕೆ ಪುಡಿಯನ್ನು ಯಂತ್ರಕ್ಕೆ ಕೊಟ್ಟು ಬಂದ ಫಲಿತಾಂಶವನ್ನು ಹಿಡಿದು ಅಲ್ಲಿನ ಅಧಿಕಾರಿ ಬಹಳ ಹೊತ್ತು ಕನ್ನಡಕ ತೆಗೆದು ಹಾಕಿ ಮಾಡಿದ. ಇಲ್ಲಂತೂ ಗುಟ್ಟು ಬಯಲಾಗುವುದು ಖಂಡಿತ, ಕುರ್ಚಿಯೂ ಹೋಯಿತು, ಮಾತೂ ಹೋಯಿತು ಎಂದು ಡೆಸ್ ಅಂದುಕೊಂಡ. ಆದರೆ ಆ ಅಧಿಕಾರಿ ಮೂರು ವಿಶ್ವವಿದ್ಯಾಲಯಗಳಲ್ಲಿ ಓದಿದವನು. ಕಣ್ಣೆದುರಿಗಿರುವ ಮನುಷ್ಯನನ್ನು ಗುರುತಿಸುವ ವಿದ್ಯೆ ಮೂರರಲ್ಲೂ ಇರಲಿಲ್ಲ.

"ಕ್ಯಾಲ್ಸಿಯಂ ಫಾಸ್ಫೇಟು. ಒಳ್ಳೇ ನಯವಾಗಿ ಸುಟ್ಟಿದ್ದೀರಿ. ಆದ್ರೆ ನೋಡಿ, ಟೈಟೇನಿಯಂ! ಟೈಟೇನಿಯಂ ಸೇರಿಸೋ ಯೋಚನೆ ಹೇಗೆ ಬಂತು ರಾಡಾ?"

ನೋಸ್ಕೆಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ಡೆಸ್ ಕೆಳಗೆ ನೋಡಿದ.

"ಅದು... ನಡೆಯೋಕೆ ಅನುಕೂಲ ಆಗುತ್ತೆ ಅಂತ."

"ಮತ್ತೆ ಇಲ್ಲಿ ಏನೋ ಒಂದು ಗಿಡಮೂಲಿಕೆಯ ಎಣ್ಣೆ. ಸಬ್ಬಸಿಗೆ ಥರ. ಇದ್ಯಾಕೆ?"

"ಅದು ಗುಟ್ಟು," ಎಂದ ಡೆಸ್. ಅಲ್ಲಿಯವರೆಗೆ ಆ ದಿನ ಅವನಾಡಿದ ಒಂದೇ ಸತ್ಯವಾದ ಮಾತು ಅದು.

ಗುಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ಏರ್ ಮಾರ್ಷಲ್ ಬ್ರೇ ಒಳಗೆ ಬಂದ. ಅಪ್ಟನ್ ಅವನನ್ನು ಕೈಹಿಡಿದು ಕರೆತಂದಿದ್ದ. ಬ್ರೇಯ ಎದೆಯ ಮೇಲೆ ಪದಕಗಳು ಜವಳಿ ಅಂಗಡಿಯ ಮುಂದಿನ ಬಟ್ಟೆಗಳ ಹಾಗೆ ನೇತಾಡುತ್ತಿದ್ದವು. ಪರೀಕ್ಷೆಯ ಫಲಿತಾಂಶಗಳನ್ನು ಕೇಳಿ ಅವನು ಚೀಲವನ್ನು ಎರಡು ಬೆರಳಿನಿಂದ ಒತ್ತಿ ನೋಡಿದ.

"ಎಲ್ಲ ಪರೀಕ್ಷೆಯನ್ನೂ ಮೊದಲನೇ ಸಲಕ್ಕೇ ಪಾಸು ಮಾಡಿದೆಯೇ?"

"ಎಲ್ಲವನ್ನೂ ಸರ್," ಎಂದ ಅಪ್ಟನ್, ತಾನೇ ಬೀಳಿಸಿಕೊಂಡು ಎದ್ದವನಂತೆ.

"ಈ ಕಾರ್ಖಾನೆಯಲ್ಲಿ?"

ಅಪ್ಟನ್ ಟೈ ಸರಿಮಾಡಿಕೊಂಡ.

"ಇದು ಇಂದಿನಿಂದ ರಹಸ್ಯ," ಎಂದು ಬ್ರೇ ಕೆಂಪು ಮುದ್ರೆ ತರಿಸಿ ಚೀಲಕ್ಕೆ ಒತ್ತಿಸಿದ. "ಈಗ ವಿಮಾನಕ್ಕೆ ಹಾಕಿ. ಹಾರುವುದನ್ನು ನೋಡೋಣ."

ಡೆಸ್ ಚೀಲವನ್ನು ಬಾಲದೊಳಗೆ ತೂರಿಸಿ, ಪಟ್ಟಿ ಬಿಗಿದು, ಮುಚ್ಚಳ ಹಾಕಿದ. ಅಂತೂ ಹತ್ತಿಸಿದ್ದಾಯಿತು! ಕಣ್ಣಲ್ಲಿ ನೀರೇ ಬಂತು. ಪೈಲಟ್ ಬ್ಲೂಯಿ ಏಣಿ ಹತ್ತುತ್ತಾ ಕೇಳಿದ:

"ಏನ್ ಗುರೂ, ಹಿಂದೆ ಏನೋ ಹೊಸ ಸಾಮಾನು ಹಾಕಿದ್ದೀಯಂತೆ? ನನ್ನ ಜೀವಕ್ಕೇನೂ ತೊಂದ್ರೆ ಇಲ್ಲ ತಾನೇ?"

"ಇಲ್ಲ ಬ್ಲೂಯಿ. ನಿನಗಿಂತ ಹೆಚ್ಚು ಅನುಭವ ಇರೋ ಸಾಮಾನು. ಮೆಲ್ಲಗೆ ಹೋಗಿ ಬಾ."

ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಹಿಡಿದುಕೊಂಡಿತು. ಡೇರೆಯಲ್ಲಿ ಎಲ್ವೀರಾ ಎದ್ದು ನಿಂತಳು. ಕರವಸ್ತ್ರವನ್ನು ಎತ್ತಿ ಹಿಡಿದಳು. ಬ್ರೋಲ್ಗಾ ಹ್ಯಾಂಗರಿನ ನೆರಳಿನಿಂದ ಬಿಸಿಲಿಗೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಅದು ಅಷ್ಟು ದೂರ ಒಂದೇ ಉಸಿರಿಗೆ ಬಂದದ್ದೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆಗೆ ಅದು ನಿಂತಿತು.

ಚಪ್ಪಾಳೆಗೆ ಅಲ್ಲ. ಉತ್ತರದ ಗಾಳಿಗೆ ಅಂಗಳದ ಡಾಮರು ಬೆಳಗಿನಿಂದ ಬೇಯುತ್ತಿತ್ತು. ವಿಮಾನದ ಮುಂದಿನ ಚಕ್ರ ಅದರೊಳಗೆ, ಗಂಜಿಯಲ್ಲಿ ಚಮಚ ಇಳಿದಂತೆ ಇಳಿಯಿತು. ಬ್ಲೂಯಿ ಎಂಜಿನ್ನಿನ ಜೋರು ಹೆಚ್ಚಿಸಿದ. ಚಕ್ರ ಇನ್ನಷ್ಟು ಇಳಿಯಿತು. ಬ್ರೋಲ್ಗಾ ಭಕ್ತಿಯಿಂದ ಮೂಗನ್ನು ನೆಲಕ್ಕೆ ಊರಿ, ಬಾಲವನ್ನು ಆಕಾಶಕ್ಕೆತ್ತಿ, ಪ್ರೊಪೆಲರಿನಿಂದ ಡಾಮರನ್ನು ಅಗೆದು ಮಂತ್ರಿಯ ಬಿಳಿಯ ಪ್ಯಾಂಟಿನ ಮೇಲೆ ಎರಚಿತು. ಆಮೇಲೆ ಸದ್ದಡಗಿತು. ಬೇಲಿಯ ಮೇಲೆ ಕೂತಿದ್ದ ಗಲಾ ಗಿಳಿಗಳು ಮಾತ್ರ ಕಿರಿಚಿ ಎದ್ದು, ವಿಮಾನದ ಮೇಲೆ ಎರಡು ಸುತ್ತು ಹಾರಿ ತೋರಿಸಿ ಹೋದವು.

ಮಂತ್ರಿಯ ಬಳಿ ಎರಡು ಭಾಷಣಗಳಿದ್ದವು. ಎಡಗಡೆಯ ಜೇಬಿನದು ದೇಶದ ರೆಕ್ಕೆಗಳನ್ನು ಹೊಗಳುವುದು; ಬಲಗಡೆಯದು ಬ್ರೋಲ್ಗಾವನ್ನು ರದ್ದು ಮಾಡುವುದು. ಮಂತ್ರಿ ಪ್ಯಾಂಟು ನೋಡಿಕೊಂಡು ಬಲಗಡೆಯದನ್ನು ತೆಗೆದ. ಅದನ್ನು ಓದುವಾಗ ಅವನ ದನಿಯಲ್ಲಿ ತಡವರಿಕೆಯೇ ಇರಲಿಲ್ಲ; ಅಭ್ಯಾಸ ಮಾಡಿದ್ದು ಅದನ್ನೇ. ಎಂಜಿನಿಯರುಗಳು ಗಂಭೀರವಾಗಿ ಕೇಳಿದರು, ಗಂಭೀರವಾಗಿಯೇ ಸ್ಯಾಂಡ್‌ವಿಚ್ ಮೇಜಿನ ಕಡೆ ನಡೆದರು. ರದ್ದಾದ ಮೇಲೆ ಬಡ್ತಿ ಬರುವುದೆಂದು ಅವರಿಗೆ ಗೊತ್ತಿತ್ತು.

ಡೆಸ್ ಮಾತ್ರ ವಿಮಾನದ ಕಡೆಗೆ ಓಡಿದ. ಹಾರಿಸಲು ಆಗಲಿಲ್ಲ, ಕೊನೆಗೆ ನೋಸ್ಕೆಯನ್ನು ಕೆಳಗಿಳಿಸಿ ಮನೆಗಾದರೂ ಕಳಿಸಬೇಕು. ಅವನು ಏಣಿ ಇಡುವಷ್ಟರಲ್ಲಿ ಬಾಲದ ಮುಚ್ಚಳ ತೆರೆದಿತ್ತು. ಏರ್ ಮಾರ್ಷಲನ ಇಬ್ಬರು ಸಿಪಾಯಿಗಳು ಚೀಲವನ್ನು ಒಂದು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಪಕ್ಕದಲ್ಲಿ ಬ್ರೇ ಮತ್ತು ಅಪ್ಟನ್ ನಗುತ್ತ ನಿಂತಿದ್ದರು.

"ಅಭಿನಂದನೆ ರಾಡಾ," ಎಂದ ಬ್ರೇ. "ವಿಮಾನ ನಮಗೆ ಬೇಡ. ಬಾಲದ ತೂಕ ಬೇಕು. ನಮ್ಮ ಅಮೆರಿಕದ ವಿಮಾನಗಳ ಬಾಲವೂ ಹಗುರವೇ. ಇಂಥವೇ ಇನ್ನೂರು ಚೀಲ ಮಾಡಿ ಕೊಡಿ. ಗುಣ ಒಂದಿಷ್ಟೂ ಬದಲಾಗಬಾರದು. ಆ ಟೈಟೇನಿಯಂ, ಆ ಗಿಡಮೂಲಿಕೆ, ಎಲ್ಲ ಹಾಗೇ ಇರಬೇಕು."

"ಇನ್ನೂರಾ!" ಎಂದ ಡೆಸ್.

"ಕಾರ್ಖಾನೆ ಉಳೀತು ಕಣಯ್ಯ!" ಎಂದು ಅಪ್ಟನ್ ಡೆಸ್‌ನ ಭುಜ ಅಲುಗಾಡಿಸಿದ. "ಇನ್ನು ನಮ್ಮದು ಚೀಲದ ಕಾರ್ಖಾನೆ. ನೀನೇ ಮುಖ್ಯ ಎಂಜಿನಿಯರು. ಫಾರಂಟ್ ನಿನ್ನ ಕೈಕೆಳಗೆ, ಹೊಲಿಗೆಗೆ."

ಡೆಸ್ ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟ. ಬಯಸಿದ ಕುರ್ಚಿ ಬಂತು. ಆದರೆ ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಮೂವತ್ತು ವರ್ಷದ ಉದ್ಯೋಗದಲ್ಲಿ ಮೊದಲ ಬಾರಿಗೆ ಅವನಿಗೆ ಧೈರ್ಯ ಬಂತು, ಅದೂ ಅರ್ಧ.

"ಸರ್, ಆ ಚೀಲ ಕೊಡೋಕಾಗಲ್ಲ. ಅದರಲ್ಲಿ... ಅದರಲ್ಲಿ ಹರ್ಬ್ ನೋಸ್ಕೆಯವರೇ ಇದ್ದಾರೆ ಸರ್."

ಅಪ್ಟನ್ ಕರಗಿಹೋದ. "ಎಂಥಾ ಮಾತು ಹೇಳ್ದೆ! ಅವರ ಇಡೀ ಜೀವನವೇ ಅದರಲ್ಲಿದೆ. ಸರ್, ಇದಕ್ಕೆ ನೋಸ್ಕೆ ತೂಕ ಅಂತಲೇ ಹೆಸರಿಡೋಣ."

"ಒಳ್ಳೆಯದು," ಎಂದ ಬ್ರೇ. "ಮಾದರಿಯನ್ನು ಅಮೆರಿಕದವರ ಪ್ರಯೋಗಶಾಲೆಗೆ ಕಳಿಸುತ್ತೇನೆ. ಅವರ ಸಾಗಣೆ ವಿಮಾನ ಅಲ್ಲಿ ಹೊರಟು ನಿಂತಿದೆ."

ಉಳಿದರ್ಧ ಧೈರ್ಯ ಬರುತ್ತದೇನೋ ಎಂದು ಡೆಸ್ ಕಾದ. ಬಾಯಿಯಲ್ಲಿ ಈ ಸಲ ಕೇಕು ಇರಲಿಲ್ಲ. ಆದರೂ ಅವನು ತಲೆಯನ್ನಷ್ಟೇ ಆಡಿಸಿದ.

ಅವನು ಖಾಲಿ ಜಾಡಿ ಹಿಡಿದು ಡೇರೆಗೆ ಬಂದಾಗ ಎಲ್ವೀರಾ ಇನ್ನೂ ನಿಂತೇ ಇದ್ದಳು. ರನ್‌ವೇಯ ಆ ತುದಿಯಲ್ಲಿ ಬೂದುಬಣ್ಣದ ದೊಡ್ಡ ವಿಮಾನವೊಂದು ನಾಲ್ಕು ಎಂಜಿನ್ನು ಗುಡುಗಿಸುತ್ತಾ ಓಡಿ, ಹೆಚ್ಚು ಕಷ್ಟಪಡದೆ ನೆಲ ಬಿಟ್ಟಿತು.

"ಡೆಸ್, ಹರ್ಬ್ ಎಲ್ಲಿ?"

ಡೆಸ್ ಆಕಾಶದ ಕಡೆ ಕೈ ತೋರಿಸಿದ. ನಡೆದದ್ದನ್ನೆಲ್ಲ ತಲೆ ಬಗ್ಗಿಸಿಕೊಂಡು ಹೇಳಿದ. ಎಲ್ವೀರಾ ಕಣ್ಣಿಗೆ ಕೈ ಅಡ್ಡ ಹಿಡಿದು ವಿಮಾನ ಹೋದ ದಿಕ್ಕನ್ನೇ ನೋಡಿದಳು.

"ಅಮೆರಿಕದವರದಾ ಅದು?"

"ಹೌದು."

"ಹರ್ಬ್ ಅದನ್ನ ಹಾರೋ ದನದ ಕೊಟ್ಟಿಗೆ ಅಂತಿದ್ರು. ಅದರ ಸದ್ದು ಕೇಳಿದ್ರೆ ಊಟ ಬಿಟ್ಟು ಏಳ್ತಿದ್ರು."

"ಗೊತ್ತು ಎಲ್ವೀರಾ."

"ವಾಪಸ್ ಬರ್ತಾರಾ?"

"ಮಾದರಿ ಅಂತ ಇಟ್ಕೋತಾರೆ. ಐವತ್ತು ವರ್ಷ ಯಾರೂ ಕೇಳೋ ಹಾಗಿಲ್ಲ."

ಎಲ್ವೀರಾ ಬೈಯಲಿಲ್ಲ. ಬೈದಿದ್ದರೆ ಡೆಸ್‌ಗೆ ಸುಲಭವಾಗುತ್ತಿತ್ತು. ಖಾಲಿ ಜಾಡಿಯನ್ನು ಅವನಿಂದ ಈಸಿಕೊಂಡು ಹೆಣಿಗೆಯ ಚೀಲದಲ್ಲಿ ಇಟ್ಟಳು.

"ಮೇಲಂತೂ ಹೋದ್ರು," ಎಂದಳು. ಆಮೇಲೆ ಕೇಳಿದಳು: "ಇನ್ನೂರು ಮಾಡ್ಬೇಕು ಅಂದ್ಯಲ್ಲ, ಎಲ್ಲಿಂದ ತರ್ತೀಯಪ್ಪ?"

ಸ್ಯಾಂಡ್‌ವಿಚ್ ಮೇಜಿನ ಸುತ್ತ ಮುತ್ತಿಕೊಂಡು, ಮುಂದಿನ ಬಡ್ತಿಯ ಮಾತಾಡುತ್ತಿದ್ದ ಎಂಜಿನಿಯರುಗಳನ್ನು ಡೆಸ್ ಒಬ್ಬೊಬ್ಬರನ್ನಾಗಿ, ಅಭ್ಯಾಸವಾದ ಕಣ್ಣಿನಿಂದ, ತೂಗಿ ನೋಡುತ್ತಿದ್ದ.

ಎಲ್ವೀರಾ ಕೈ ಮುಗಿದಳು. ಡೆಸ್ ಟೋಪಿ ತೆಗೆದ. ಆಚೆ ಗಾಡಿ ನಿಲ್ಲಿಸಿ ಶರ್ಲ್ ಕೂಡ ತಲೆ ತಗ್ಗಿಸಿದಳು. ಎಲ್ವೀರಾ ಪ್ರಾರ್ಥಿಸಿದಳು:

"ಕರ್ತನೇ, ನಿನ್ನ ದಾಸನಾದ ಹರ್ಬರ್ಟ್ ಆಯುಷ್ಯವೆಲ್ಲ ಎತ್ತರಕ್ಕೆ ಏರಬೇಕೆಂದು ದುಡಿದ. ಮನುಷ್ಯರು ಅವನನ್ನು ಏರಗೊಡಲಿಲ್ಲ. ಈಗ ಅವನು ನಿನ್ನ ಹತ್ತಿರ ಬರುತ್ತಿದ್ದಾನೆ. ಯಾರ ವಿಮಾನದಲ್ಲಿ ಬಂದನೆಂದು ಕೇಳಬೇಡ. ಅವನನ್ನು ಮತ್ತೆ ಪರೀಕ್ಷೆ ಮಾಡಬೇಡ, ಎಲ್ಲ ಪರೀಕ್ಷೆಯೂ ಇಲ್ಲೇ ಆಗಿದೆ. ಸಮಿತಿಯಿಲ್ಲದ ಒಂದು ಜಾಗ ನಿನ್ನ ಮನೆಯಲ್ಲಿ ಇದ್ದರೆ ಅಲ್ಲಿ ಅವನನ್ನು ಕೂರಿಸು. ಅವನ ಆತ್ಮಕ್ಕೆ ನೆಮ್ಮದಿ ಕೊಡು. ಆಮೆನ್."